ತಂಬೂರಿಯ ಮುಂದೆ ಝೂಮ್ ಎಚ್1ಎನ್ ರೆಕಾರ್ಡರ್

ಧಾರವಾಡದಲ್ಲಿ ಹಿಂದೂಸ್ತಾನಿ ಸಂಗೀತ ಕಲಿಯುವವರಿಗೆ ಇಂದು ಧ್ವನಿಮುದ್ರಣದ ಸಾಧನವೆಂದರೆ ಕೈಯಲ್ಲಿರುವ ಮೊಬೈಲ್ ಫೋನೇ. ಗುರುಗಳು ಹೇಳಿಕೊಟ್ಟ ಬಂದಿಶನ್ನು, ಅಂದರೆ ರಾಗದ ರಚನೆಯನ್ನು, ಅವರ ಒಪ್ಪಿಗೆ ಪಡೆದು ಮುದ್ರಿಸಿಕೊಳ್ಳುವುದು, ಮನೆಗೆ ಹೋಗಿ ಅದನ್ನು ಕೇಳುತ್ತ ರಿಯಾಜ್ ಮಾಡುವುದು ಈಗ ರೂಢಿಯಾಗಿದೆ. ಆದರೆ ಹಾಗೆ ಮುದ್ರಿಸಿದ್ದನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಗಮನವಿಟ್ಟು ಕೇಳಿದವರಿಗೆ ಒಂದು ಕೊರತೆ ಕಾಣದೆ ಇರದು. ಹಾಡು ಇರುತ್ತದೆ, ತಂಬೂರಿ ಇರುವುದಿಲ್ಲ; ಇಲ್ಲವೇ ಗಾಯಕರು ಉಸಿರು ತೆಗೆದುಕೊಳ್ಳುವಾಗ ಮಾತ್ರ ತಂಬೂರಿ ಏಕಾಏಕಿ ಎದ್ದು ಬಂದು, ಅವರು ಸ್ವರ ಹಚ್ಚಿದೊಡನೆ ಮತ್ತೆ ಅಡಗುತ್ತದೆ.

ಇದು ಮೈಕಿನ ಕೀಳುತನದಿಂದ ಆಗುವುದಲ್ಲ, ಫೋನಿನ ಅತಿ ಜಾಣತನದಿಂದ ಆಗುವುದು. ಫೋನು ಮೂಲತಃ ಮಾತಿಗಾಗಿ ರೂಪುಗೊಂಡಿದೆ. ಎಡೆಬಿಡದೆ ಒಂದೇ ತೆರನಾಗಿ ಕೇಳಿಬರುವ ಸದ್ದನ್ನು ಫ್ಯಾನಿನ ಅಥವಾ ವಾಹನದ ಗದ್ದಲವೆಂದು ಎಣಿಸಿ ಅಳಿಸುವುದು ಅದರ ಶಬ್ದನಿವಾರಣೆಯ ಕೆಲಸ, ಮತ್ತು ತಂಬೂರಿಯ ನಾದ ಆ ವಿವರಣೆಗೆ ಸರಿಯಾಗಿ ಹೊಂದಿಬಿಡುತ್ತದೆ. ಇನ್ನೊಂದು ಕಡೆ ಮೆಲುದನಿಯನ್ನು ಏರಿಸಿ ಜೋರುದನಿಯನ್ನು ತಗ್ಗಿಸುವ ಸ್ವಯಂಚಾಲಿತ ಹೊಂದಾಣಿಕೆಯೂ ನಡೆದಿರುತ್ತದೆ. ಮಂದ್ರದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಸಣ್ಣ ಮೀಂಡಿಗೂ ಮೇಲಿನ ಸಪ್ತಕದ ತಾರಷಡ್ಜಕ್ಕೂ ಇರುವ ಅಂತರವನ್ನು ಸಪಾಟು ಮಾಡಿದ ಮೇಲೆ ಖಯಾಲ್ ಗಾಯನದಲ್ಲಿ ಉಳಿಯುವುದೇನು?

ಝೂಮ್ ಕಂಪನಿಯ ಎಚ್1ಎನ್ ಎಂಬ ಕಿರು ರೆಕಾರ್ಡರ್ ಪಾಠದ ಕೋಣೆಗೆ ಯೋಗ್ಯವೆಂದು ನಾನು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ: ನಾವು ಕೇಳಿಕೊಳ್ಳದ ಹೊರತು ಅದು ಧ್ವನಿಯ ಮೇಲೆ ಯಾವ ಉಪಕಾರವನ್ನೂ ಮಾಡುವುದಿಲ್ಲ. 2018ರಲ್ಲಿ ಬಂದ ಈ ಸಾಧನ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬ್ಯಾಟರಿ ಇಲ್ಲದೆ ಸುಮಾರು 60 ಗ್ರಾಂ ತೂಕದ್ದು. ಮೇಲ್ತುದಿಯಲ್ಲಿ 90 ಡಿಗ್ರಿ ಕೋನದಲ್ಲಿ ಒಂದನ್ನೊಂದು ಹಾಯ್ದಂತೆ ಕೂಡಿಸಿದ ಎರಡು ಕಂಡೆನ್ಸರ್ ಮೈಕುಗಳಿದ್ದು, 24 ಬಿಟ್ ಮತ್ತು 96 ಕಿಲೋಹರ್ಟ್ಸ್‌ವರೆಗಿನ ಸೂಕ್ಷ್ಮತೆಯಲ್ಲಿ ಮುದ್ರಿಸಬಲ್ಲದು. ಪಾಠಕ್ಕೆ 48 ಕಿಲೋಹರ್ಟ್ಸ್ ಧಾರಾಳವಾಯಿತು. ಈ ಮಟ್ಟದಲ್ಲಿ ಒಂದು ಗಂಟೆಯ ಸ್ಟೀರಿಯೋ ಮುದ್ರಣ ಹೆಚ್ಚುಕಡಿಮೆ 1 ಜಿಬಿ ಜಾಗ ಹಿಡಿಯುತ್ತದೆ. ಸಾಧನ ಒಪ್ಪಿಕೊಳ್ಳುವ ಗರಿಷ್ಠ ಗಾತ್ರದ 32 ಜಿಬಿ ಮೈಕ್ರೋ ಎಸ್‌ಡಿ ಕಾರ್ಡಿನಲ್ಲಿ 30 ಗಂಟೆಗಳಷ್ಟು ಪಾಠ ಕೂಡುತ್ತದೆ.

ಅಂಕಿಸಂಖ್ಯೆಗಳಿಗಿಂತ ಮುಖ್ಯವಾದುದು ಸಾಧನವನ್ನು ಇಡುವ ಜಾಗ. ಇದರ ಮೈ ಪ್ಲಾಸ್ಟಿಕ್ಕಿನದು. ಕೈಯಲ್ಲಿ ಹಿಡಿದು ಮುದ್ರಿಸಿದರೆ ಬೆರಳು ಸರಿದ ಸದ್ದೆಲ್ಲ ಒಳಗೆ ಸೇರುತ್ತದೆ. ಜಮಖಾನೆಯ ಮೇಲೆ ಮಲಗಿಸಿದರೆ ತಬಲಾ ಜೋಡಿಯ ದಪ್ಪದನಿಯ ಡಗ್ಗಾ ನೆಲವನ್ನು ಅದುರಿಸುವುದೂ ಅದಕ್ಕೆ ತಲುಪುತ್ತದೆ. ಹಿಂಬದಿಯಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ತಿರುಪು ಕೂಡುವ ತೂತು ಇರುವುದರಿಂದ, ಕುಳಿತ ಗಾಯಕರ ಎದೆಯ ಮಟ್ಟಕ್ಕೆ ಬರುವ ಚಿಕ್ಕ ಸ್ಟ್ಯಾಂಡೊಂದನ್ನು ಜೊತೆಗೇ ಕೊಳ್ಳಬೇಕು. ವಾಡಿಕೆಯಂತೆ ಗಾಯಕರ ಬಲಕ್ಕೆ ತಬಲಾ, ಎಡಕ್ಕೆ ಹಾರ್ಮೋನಿಯಂ ಇದ್ದು, ರೆಕಾರ್ಡರನ್ನು ಅವರ ನೇರ ಎದುರಿಗೆ ಒಂದೂವರೆ ಮೀಟರಿನಷ್ಟು ದೂರದಲ್ಲಿ ನಿಲ್ಲಿಸಿದರೆ, ಮುದ್ರಣದಲ್ಲಿ ತಬಲಾ ಎಡಗಿವಿಗೂ ಹಾರ್ಮೋನಿಯಂ ಬಲಗಿವಿಗೂ ವಾಲಿಕೊಂಡು, ದನಿ ನಡುವೆ ನಿಲ್ಲುತ್ತದೆ, ಹಿಂದೆ ತಂಬೂರಿಯ ಝೇಂಕರಿಸುವ ಜವಾರಿ ತುಂಬಿಕೊಳ್ಳುತ್ತದೆ. ಬೈಠಕ್ಕಿನಲ್ಲಿ ಮುಂದಿನ ಸಾಲಿನಲ್ಲಿ ಕೂತವರಿಗೆ ಕೇಳುವುದು ಬಹುಮಟ್ಟಿಗೆ ಇದೇ.

ಇನ್ನು ಗುಂಡಿಗಳ ವಿಚಾರ. ಆಟೋ ಲೆವೆಲ್ ಎಂಬುದನ್ನು ಮುಚ್ಚಿಬಿಡಬೇಕು, ಏಕೆಂದರೆ ಅದು ಫೋನಿನ ದುರಭ್ಯಾಸವನ್ನೇ ಇಲ್ಲಿಗೂ ತರುತ್ತದೆ. ಮುಂಭಾಗದ ಗಾಲಿಯನ್ನು ತಿರುಗಿಸಿ, ಗಾಯಕರು ತಾರಸಪ್ತಕದಲ್ಲಿ ಪೂರ್ಣ ದನಿ ಬಿಟ್ಟಾಗ ಮಾಪಕ ಮೈನಸ್ 12 ಡೆಸಿಬೆಲ್ ಸುಮಾರಿಗೆ ಬಂದು ನಿಲ್ಲುವಂತೆ ಪಾಠಕ್ಕೆ ಮೊದಲೇ ಹೊಂದಿಸಿಕೊಂಡರೆ ಮತ್ತೆ ಮುಟ್ಟುವ ಅಗತ್ಯ ಬೀಳದು.

ಕೆಳಸ್ಥಾಯಿಯ ಸದ್ದನ್ನು ಕತ್ತರಿಸುವ ಲೋ ಕಟ್ ಎಂಬ ಸೌಲಭ್ಯದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಗಾಳಿ ಮತ್ತು ಫ್ಯಾನಿನ ಸದ್ದಿಗೆ ಅದೇ ಮದ್ದೆಂದು ಎಲ್ಲರೂ ಸಲಹೆ ಕೊಡುತ್ತಾರೆ. ಇದರಲ್ಲಿ ಅತಿ ಕಡಿಮೆಯ ಆಯ್ಕೆ 80 ಹರ್ಟ್ಸ್. ಹಾರ್ಮೋನಿಯಂನ ಮೊದಲ ಕಪ್ಪು ಮನೆಯಾದ ಕಾಳಿ ಏಕ್ ಶ್ರುತಿಯಲ್ಲಿ ಹಾಡುವ ಗಂಡುದನಿಯ ಮಧ್ಯಷಡ್ಜ (ನಡುಸಪ್ತಕದ ಸ) ಸುಮಾರು 139 ಹರ್ಟ್ಸ್ ಆಗಿದ್ದರೆ, ತಂಬೂರಿಯ ಅತಿ ಕೆಳಗಿನ ಸ್ವರವಾದ ಖರಜದ ತಂತಿ ಅದರ ಅರ್ಧಕ್ಕೆ, ಅಂದರೆ 69 ಹರ್ಟ್ಸ್‌ನ ಆಸುಪಾಸಿಗೆ ಶ್ರುತಿಗೊಂಡಿರುತ್ತದೆ. ಅತಿ ಸೌಮ್ಯವಾದ ಕತ್ತರಿಯೂ ಖರಜದ ಬುಡಕ್ಕೇ ತಾಗುತ್ತದೆಂದಾಯಿತು. ಡಗ್ಗಾದ ಗುಂ ಎನ್ನುವ ನಾದವೂ ಅದರೊಂದಿಗೆ ಸೊರಗುತ್ತದೆ. ತಂಬೂರಿಯಲ್ಲಿ ಮೇಲಿನ ಸಹಸ್ವರಗಳು ಹೇರಳವಾಗಿರುವುದರಿಂದ ಮೊದಲ ಕೇಳ್ಮೆಗೆ ನಷ್ಟ ಗೊತ್ತಾಗದಿರಬಹುದು, ಆದರೆ ಲೋ ಕಟ್ ಹಾಕಿದ್ದನ್ನೂ ಹಾಕದ್ದನ್ನೂ ಒಂದರ ಹಿಂದೊಂದು ಕೇಳಿದರೆ ತಂಬೂರಿಯ ಕುಂಬಳ ಬರಿದಾದಂತೆ ತೋರುತ್ತದೆ. ಆ ಒಂದು ಗಂಟೆ ಫ್ಯಾನನ್ನೇ ಆರಿಸುವುದು ಮೇಲು. ಧಾರವಾಡದ ಹವೆಯಲ್ಲಿ ವರ್ಷದ ಬಹುಭಾಗ ಇದೊಂದು ತೊಂದರೆಯೇ ಅಲ್ಲ. ಜಿಟಿಜಿಟಿ ಮಳೆ ಹಂಚಿನ ಮೇಲೆ ಬೀಳುವ ಸದ್ದಿಗೆ ಮಾತ್ರ ಯಾವ ಗುಂಡಿಯೂ ಉಪಾಯವಲ್ಲ. ನನಗಂತೂ ಅದು ಮುದ್ರಣದಲ್ಲಿ ಇರಲಿ ಎನಿಸುತ್ತದೆ.

ವಿದ್ಯಾರ್ಥಿಗೆ ಹೆಚ್ಚು ಒದಗಿಬರುವ ಇನ್ನೊಂದು ಗುಣವೆಂದರೆ ಶ್ರುತಿ ಬದಲಾಗದಂತೆ ವೇಗವನ್ನು ತಗ್ಗಿಸಿ ಕೇಳುವ ಸೌಲಭ್ಯ. ಅರ್ಧ ವೇಗದವರೆಗೂ ಇಳಿಸಬಹುದಾದರೂ ಅಷ್ಟಕ್ಕೆ ಇಳಿಸಿದಾಗ ತಬಲಾದ ಬೋಲುಗಳು ಕಲಸಿಹೋಗುತ್ತವೆ. ಮುಕ್ಕಾಲು ವೇಗದಲ್ಲಿ ದ್ರುತದ ತಾನುಗಳ ಒಳಸುತ್ತುಗಳು ಸಾಕಷ್ಟು ಬಿಡಿಬಿಡಿಯಾಗಿ ಕೇಳುತ್ತವೆ. ಗಾಯಕ ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದ ಗಂಗೂಬಾಯಿ ಹಾನಗಲ್ಲರ ಕಾಲದವರು ಇಂಥ ಅನುಕೂಲವನ್ನು ಕಂಡು ನಕ್ಕಾರು. ಗುರುಗಳ ಎದುರು ಕೂತಾಗ ಕಿವಿಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ಸುಮ್ಮನಿರುವ ಅಪಾಯ ಇದರಲ್ಲಿ ಇದ್ದೇ ಇದೆ.

ವಿದ್ಯುತ್ತಿಗೆ ಎರಡು ಎಎಎ ಬ್ಯಾಟರಿಗಳು ಬೇಕು. ಆಲ್ಕಲೈನ್ ಆದರೆ ಹತ್ತು ಗಂಟೆಯಷ್ಟು ಬಾಳುತ್ತವೆಂಬುದು ತಯಾರಕರ ಲೆಕ್ಕ. ಮರುಭರ್ತಿಯ ಬ್ಯಾಟರಿ ಬಳಸುವವರು ಮೆನುವಿನಲ್ಲಿ ಅದರ ಬಗೆಯನ್ನು ಬದಲಿಸಬೇಕು, ಇಲ್ಲದಿದ್ದರೆ ಉಳಿಕೆಯ ಗುರುತು ಸುಳ್ಳು ಹೇಳುತ್ತದೆ. ರಾತ್ರಿಯಿಡೀ ನಡೆಯುವ ಸಂಗೀತ ಸಭೆಗೆ ಪವರ್ ಬ್ಯಾಂಕ್ ಜೋಡಿಸಿದರಾಯಿತು, ಆದರೆ ಅದಕ್ಕೆ ಬೇಕಾದದ್ದು ಹಳೆಯ ಮೈಕ್ರೋ ಯುಎಸ್‌ಬಿ ತಂತಿ. ಒಂದು ಫೈಲು 2 ಜಿಬಿ ಮುಟ್ಟಿದಾಗ ಮುದ್ರಣ ತಾನೇ ಹೊಸ ಫೈಲಿಗೆ ಮುಂದುವರಿಯುತ್ತದೆ.

ಬರಿಯ ಭಾಷಣ, ಸಂದರ್ಶನ ಮುದ್ರಿಸುವವರಿಗೆ ಇದರ ಅಗತ್ಯವಿಲ್ಲ; ಫೋನಿಗೆ ಸಿಕ್ಕಿಸುವ ಕಾಲರ್ ಮೈಕ್ ಅವರಿಗೆ ಅಗ್ಗವೂ ಹೌದು, ಅನುಕೂಲವೂ ಹೌದು. ಹೊಸದಾಗಿ ಕೊಳ್ಳಹೊರಟ ಸಂಗೀತದವರು ಮಾತ್ರ 2024ರಲ್ಲಿ ಬಂದ ಎಚ್1 ಎಸೆನ್ಷಿಯಲ್ ಮಾದರಿಯನ್ನೂ ನೋಡಬೇಕು. ದನಿ ಎಷ್ಟು ಜೋರಾದರೂ ಮೆಲ್ಲಗಾದರೂ ಹಿಡಿಯಬಲ್ಲ 32 ಬಿಟ್ ಫ್ಲೋಟ್ ಪದ್ಧತಿಯಲ್ಲಿ ಮುದ್ರಿಸುವ ಅದರಲ್ಲಿ ಮಟ್ಟ ಹೊಂದಿಸುವ ಕೆಲಸವೇ ಇಲ್ಲ, ತಂತಿಯೂ ಈಗಿನ ಟೈಪ್ ಸಿ. ಅದಕ್ಕಿಂತ ಮಿಗಿಲಾಗಿ, ದೃಷ್ಟಿ ಇಲ್ಲದವರಿಗಾಗಿ ಮೆನುವನ್ನು ಓದಿ ಹೇಳುವ ಧ್ವನಿ ಮಾರ್ಗದರ್ಶನ ಅದರಲ್ಲಿದೆ. ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಪರಂಪರೆಯಲ್ಲಿ ಅಂಧ ವಿದ್ಯಾರ್ಥಿಗಳಿಗೆ ಸಂಗೀತ ಕಲಿಸುತ್ತ ಬಂದಿರುವ ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಕಲಿಯುವವರಿಗೆ ಎಚ್1ಎನ್‌ನ ಪುಟ್ಟ ಪರದೆಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಾರ್ಗದರ್ಶನದ ಭಾಷೆಗಳಲ್ಲಿ ಕನ್ನಡ ಇಲ್ಲದ್ದರಿಂದ ಇಂಗ್ಲಿಷಿನಲ್ಲಿ ಹೊಂದಿಸಿ, ಮೊದಲ ಸಲ ಗುಂಡಿಗಳ ಜಾಗವನ್ನು ಬೆರಳಿಗೆ ಪರಿಚಯಿಸಿ ಕೊಡುವವರೊಬ್ಬರು ಜೊತೆಗೆ ಇರಬೇಕಾಗುತ್ತದೆ.