ಡೆಬಿಯನ್ 13ರ ಆಯ್ಕೆ ಪಟ್ಟಿ: ಚಿಕ್ಕದು ಹೌದು, ಆದರೆ ಬಾಯೇ ಬಿಡುವುದಿಲ್ಲ

2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಉಚಿತ ಬೆಂಬಲ ನಿಂತ ಮೇಲೆ ಶಿರಸಿಯ ನನ್ನ ರಿಪೇರಿ ಅಂಗಡಿಗೆ ಹಳೆಯ ಲ್ಯಾಪ್‌ಟಾಪ್ ಹಿಡಿದು ಬರುವವರು ಹೆಚ್ಚಿದ್ದಾರೆ. ‘ಇದಕ್ಕೆ ಹನ್ನೊಂದು ಕೂರುವುದಿಲ್ಲವಂತೆ, ಬೇರೆ ಏನಾದರೂ ಹಾಕಿಕೊಡಿ’ ಎನ್ನುತ್ತಾರೆ. ನಾನು ಹಾಕಿಕೊಡುವುದು ಡೆಬಿಯನ್ 13, ವಿಂಡೋಸ್ ಬದಲಿಗೆ ಕೂರುವ ಉಚಿತ ಲಿನಕ್ಸ್ ವ್ಯವಸ್ಥೆ. ಯಂತ್ರ 64 ಬಿಟ್‌ನದ್ದಾಗಿರಬೇಕು, ಅಷ್ಟೇ. ಅದಕ್ಕೂ ಹಳೆಯದಕ್ಕೆ ಈ ಆವೃತ್ತಿಯ ಇನ್‌ಸ್ಟಾಲರ್ ಇಲ್ಲ.

ಈ ಆವೃತ್ತಿಯ ಭಂಡಾರದಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ, ಅಂದರೆ ತಂತ್ರಾಂಶದ ಕಟ್ಟುಗಳು. ಯಾವುದು ಬೇಕು, ಯಾವುದು ಬೇಡ ಎಂದು ಒಂದೊಂದಾಗಿ ಕೇಳಿದ್ದರೆ ನಾನು ಅಂಗಡಿಗೆ ಬೀಗ ಹಾಕಿ ತೋಟಕ್ಕೆ ಹೋಗುತ್ತಿದ್ದೆ. ಹಾಗೆ ಕೇಳದಂತೆ ನೋಡಿಕೊಳ್ಳುವುದು ಟಾಸ್ಕ್‌ಸೆಲ್ ಎಂಬ ಪುಟ್ಟ ಸಾಧನ. ಇನ್‌ಸ್ಟಾಲ್ ಮುಗಿಯುವ ಹೊತ್ತಿಗೆ ಒಂದೇ ಪರದೆ ಬರುತ್ತದೆ. ಮೇಲೆ ಡೆಸ್ಕ್‌ಟಾಪ್‌ಗಳು, ಅಂದರೆ ಪರದೆಯ ಮೆನು, ಕಿಟಕಿಗಳ ಬಗೆಬಗೆಯ ರೂಪಗಳು: ಗ್ನೋಮ್, ಎಕ್ಸ್‌ಎಫ್‌ಸಿಇ, ಕೆಡಿಇ ಪ್ಲಾಸ್ಮಾ, ಸಿನಮನ್, ಮಾಟೆ, ಎಲ್‌ಎಕ್ಸ್‌ಕ್ಯೂಟಿ; ಕೆಳಗೆ ವೆಬ್ ಸರ್ವರ್, ದೂರದಿಂದ ಯಂತ್ರದೊಳಗೆ ಬರಲು ಬಿಡುವ ಎಸ್‌ಎಸ್‌ಎಚ್ ಸರ್ವರ್. ಎಕ್ಸ್‌ಎಫ್‌ಸಿಇಗೆ ಟಿಕ್ ಹಾಕಿ ಮುಂದೆ ಹೋದರೆ ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲವೂ ಜೊತೆಗೇ ಬರುತ್ತವೆ. ಮೊದಲ ಪರದೆಯಲ್ಲೇ ಭಾಷೆ ಕನ್ನಡ ಎಂದಿದ್ದರೆ ಕನ್ನಡದ ಫಾಂಟ್‌ಗಳನ್ನೂ ಅದೇ ತಂದು ಕೂರಿಸುತ್ತದೆ. ಇದನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ತಕರಾರು ಇರುವುದು ಹೆಸರುಗಳ ಬಗ್ಗೆ. ಸಿದ್ದಾಪುರ ಕಡೆಯ ಹಿರಿಯ ಬೆಳೆಗಾರರೊಬ್ಬರು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತು ಪರದೆ ನೋಡುತ್ತಿದ್ದರು. ‘ತಮ್ಮಾ, ಇದರಲ್ಲಿ ನಮ್ಮ ಅಡಿಕೆ ಲೆಕ್ಕಕ್ಕೆ ಆಗುವುದು ಯಾವುದು?’ ಎಂದರು. ಪಟ್ಟಿಯಲ್ಲಿ ಅದಕ್ಕೆ ಉತ್ತರವಿಲ್ಲ. ಯಾವುದು ಹಗುರ, ಯಾವುದು ಭಾರ, ಡಿಸ್ಕ್‌ನಲ್ಲಿ ಎಷ್ಟು ಜಾಗ ತಿನ್ನುತ್ತದೆ ಎಂಬ ಒಂದು ಸಾಲೂ ಇಲ್ಲ. ಮೇಲ್ಗಡೆ ‘ಡೆಬಿಯನ್ ಡೆಸ್ಕ್‌ಟಾಪ್ ಪರಿಸರ’ ಎಂಬ ಸಾಲೊಂದಿದೆ. ಅದಕ್ಕೆ ಮಾತ್ರ ಟಿಕ್ ಹಾಕಿದರೆ ಬರುವುದು ಗ್ನೋಮ್. 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಅದರಡಿ ಏದುಸಿರು ಬಿಡುತ್ತದೆ. ಇರಲಿ ಎಂದು ಎಲ್ಲಕ್ಕೂ ಟಿಕ್ ಹಾಕುವವರೂ ಇದ್ದಾರೆ. ಡೆಬಿಯನ್ ಬೇಡ ಎನ್ನದೆ ಎಲ್ಲವನ್ನೂ ಹಾಕುತ್ತದೆ; ಆಮೇಲೆ ಮೆನುವಿನಲ್ಲಿ ಒಂದೇ ಕೆಲಸದ ಪ್ರೋಗ್ರಾಂಗಳು ಮೂರು ಮೂರು.

ಇನ್ನೊಂದು ಲಿನಕ್ಸ್ ಆದ ಉಬುಂಟು 24.04ರಲ್ಲಿ ಕೇಳುವುದು ಎರಡೇ: ಬ್ರೌಸರ್ ಮತ್ತು ಅಗತ್ಯದ ಸಾಧನಗಳಷ್ಟೇ ಸಾಕೇ, ಆಫೀಸ್ ಮುಂತಾದವೂ ಬೇಕೇ? ಪ್ರತಿಯೊಂದರ ಕೆಳಗೆ ವಿವರಣೆಯ ಸಾಲೂ ಇದೆ. ಹೊಸಬರಿಗೆ ಅದೇ ಸಲೀಸು. ಆದರೆ ಅಲ್ಲಿ ಡೆಸ್ಕ್‌ಟಾಪ್ ಗ್ನೋಮ್ ಎಂದು ಮೊದಲೇ ಗೊತ್ತುಮಾಡಿ ಆಗಿರುತ್ತದೆ. ನನ್ನ ಗಿರಾಕಿಗಳ ಯಂತ್ರಗಳಿಗೆ ಒಗ್ಗದಿರುವುದೇ ಅದು. ಹಾಗಾಗಿ ಬಾಯಿ ಬಿಡದಿದ್ದರೂ ಡೆಬಿಯನ್ ಪಟ್ಟಿಯೇ ನನಗೆ ಮೇಲು.

ಘಟ್ಟದ ಮೇಲಿನವರಿಗೆ ಇನ್ನೊಂದು ಮಾತು. ಡೆಬಿಯನ್ ಇನ್‌ಸ್ಟಾಲ್ ಮಾಡಲು ಸಿಗುವ ನೆಟ್‌ಇನ್‌ಸ್ಟ್ ಎಂಬ ಚಿಕ್ಕ ಕಡತದಲ್ಲಿ ಮೂಲ ವ್ಯವಸ್ಥೆ ಮಾತ್ರ ಇರುತ್ತದೆ. ಟಿಕ್ ಹಾಕಿದ ಡೆಸ್ಕ್‌ಟಾಪ್ ಅಂತರ್ಜಾಲದಿಂದಲೇ ಇಳಿಯಬೇಕು. ಆಷಾಢದ ಮಳೆಯಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುವ ಊರಿನಲ್ಲಿ ಅದನ್ನು ನಂಬಿ ಕೂರಬೇಡಿ. ಮೊದಲ ಡಿವಿಡಿಯ ಕಡತವನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ, ನೆಟ್ ಇಲ್ಲದೆಯೂ ಡೆಸ್ಕ್‌ಟಾಪ್ ಸಿಗುತ್ತದೆ. ಪಟ್ಟಿಯಲ್ಲಿ ಹಗುರವಾದ ಎಕ್ಸ್‌ಎಫ್‌ಸಿಇ ಒಂದನ್ನೇ ಆರಿಸಿ, ಗ್ನೋಮ್‌ನ ಟಿಕ್ ತೆಗೆಯಿರಿ. ಬಿಟ್ಟುಹೋದದ್ದು ಬೇಕೆನಿಸಿದರೆ ಟರ್ಮಿನಲ್‌ನಲ್ಲಿ ನಿರ್ವಾಹಕರಾಗಿ ಟಾಸ್ಕ್‌ಸೆಲ್ (tasksel) ಎಂದು ಕೊಟ್ಟರಾಯಿತು, ಅದೇ ಪಟ್ಟಿ ಮತ್ತೆ ತೆರೆದುಕೊಳ್ಳುತ್ತದೆ.