ಎಣ್ಣೆ ಸೂಜಿ, ತಿಂಗಳ ಸೂಜಿ, ದಿನದ ಮಾತ್ರೆ: ಮೂರನ್ನೂ ನೋಡಿದವಳ ಹೋಲಿಕೆ

ಡಿಪೋ ಇಂಜೆಕ್ಷನ್ (ಒಮ್ಮೆ ಚುಚ್ಚಿದರೆ ವಾರಗಟ್ಟಲೆ ನಿಧಾನವಾಗಿ ಕೆಲಸ ಮಾಡುವ ಸೂಜಿ) ಶುರು ಮಾಡುವಾಗ ಎಲ್ಲರೂ ಹೇಳುವ ಮಾತು ಒಂದೇ: "ಇನ್ಮೇಲೆ ಮಾತ್ರೆ ತಾಪತ್ರಯ ಇಲ್ಲ." ಸ್ಕಿಜೋಅಫೆಕ್ಟಿವ್ ಡಿಸಾರ್ಡರ್ ಇರುವ ನಮ್ಮಂಥವರಿಗೆ ಇದು ಅರ್ಧ ನಿಜ ಅಷ್ಟೇ. ಈ ಕಾಯಿಲೆಗೆ ಎರಡು ಮುಖ. ಒಂದು ಕಡೆ ಕಿವಿಯಲ್ಲಿ ಮಾತು ಕೇಳಿಸೋದು, ಎಲ್ಲರ ಮೇಲೂ ಅನುಮಾನ. ಇನ್ನೊಂದು ಕಡೆ ಮೂಡ್ ಏರೋದು, ಇಳಿಯೋದು. ನನ್ನ ಮಟ್ಟಿಗೆ ಸೂಜಿ ಮೊದಲನೆಯದನ್ನು ಗಟ್ಟಿಯಾಗಿ ಹಿಡಿಯಿತು. ಎರಡನೆಯದಕ್ಕೆ ಇವತ್ತಿಗೂ ರಾತ್ರಿ ಊಟ ಆದಮೇಲೆ ಲಿಥಿಯಂ ನುಂಗಲೇಬೇಕು. ಕೆಲವರಿಗೆ ಸೂಜಿಯೊಂದೇ ಸಾಕಾಗುತ್ತದೆ, ನನಗೆ ಆಗಲಿಲ್ಲ.

ಹಾಗಾಗಿ "ಯಾವ ಸೂಜಿ ಒಳ್ಳೇದು?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತೇನೆ. ಜೊತೆಗೆ ಯಾವ ಮಾತ್ರೆ ಇದೆ? ಹೊಟ್ಟೆಪಾಡಿಗೆ ಏನು ಮಾಡ್ತೀರಿ? ಆಸ್ಪತ್ರೆ ಎಷ್ಟು ದೂರ?

ನನ್ನ ಕೆಲಸ ಸೀರೆಗೆ ಕುಚ್ಚು ಕಟ್ಟೋದು, ಫಾಲ್ ಹೊಲಿಯೋದು. ಕೈ ನಡುಗಿದರೆ ಸಂಪಾದನೆ ಇಲ್ಲ. ನನ್ನ ತೀರ್ಪೆಲ್ಲ ಅಲ್ಲಿಂದಲೇ ಬಂದಿದ್ದು.

ಮೊದಲು ಮಾತ್ರೆ. ಕಿವಿಯ ಮಾತು, ಅನುಮಾನಕ್ಕೆ ಅಂತ ರಿಸ್ಪೆರಿಡೋನ್, ದಿನಾ ರಾತ್ರಿ. ಇದರ ದೊಡ್ಡ ಗುಣ ಅಂದರೆ ಹೆಚ್ಚು ಕಡಿಮೆ ಮಾಡಬಹುದು, ಒಗ್ಗದಿದ್ದರೆ ಡಾಕ್ಟ್ರು ಬದಲಾಯಿಸಬಹುದು. ತೊಂದರೆ ಏನಂದ್ರೆ, ಮೂಡ್ ಏರಿದಾಗ "ನನಗೇನಾಗಿದೆ, ಚೆನ್ನಾಗಿಯೇ ಇದ್ದೀನಲ್ಲ" ಅನ್ನಿಸುತ್ತದೆ. ಮಾತ್ರೆ ಬೇಕಾಗಿರೋದು ಆಗಲೇ, ಬಿಟ್ಟುಹೋಗೋದೂ ಆಗಲೇ. ಅಮ್ಮ ದಿನಾ "ಮಾತ್ರೆ ತಗೊಂಡ್ಯೇನೇ?" ಅಂತ ಕೇಳೋದು, ನಾನು ಸಿಡುಕೋದು. ಆ ಜಗಳ ಕಾಯಿಲೆಗಿಂತ ಜಾಸ್ತಿ ಸುಸ್ತು ಮಾಡುತ್ತಿತ್ತು. ಸೂಜಿಗೆ ಬಂದಮೇಲೆ ಆ ಪ್ರಶ್ನೆ ನಿಂತಿತು. ಲಿಥಿಯಂ ಬಗ್ಗೆ ಈಗಲೂ ಕೇಳುತ್ತಾರೆ, ಆದರೆ ದನಿಯಲ್ಲಿ ಆ ಭಯ ಇಲ್ಲ.

ಎರಡನೆಯದು ಫ್ಲೂಫೆನಜಿನ್ ಡೆಕನೊಯೇಟ್. ಹಳೇ ಔಷಧಿ. 25 ಮಿಲಿಗ್ರಾಂ ಔಷಧಿಯನ್ನು ಎಳ್ಳೆಣ್ಣೆಯಲ್ಲಿ ಬೆರೆಸಿರುತ್ತಾರೆ. ಸೊಂಟದ ಕೆಳಗೆ ಮಾಂಸಖಂಡದೊಳಗೆ ಹಾಕಿದರೆ ಎಣ್ಣೆಯಿಂದ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಎಳ್ಳು ಅಲರ್ಜಿ ಇದ್ದವರು ಮೊದಲೇ ಹೇಳಬೇಕು. (ನಮ್ಮಜ್ಜಿ "ಎಳ್ಳೆಣ್ಣೆ ತಲೆಗೆ ಹಚ್ಚೋದಲ್ವಾ, ಕುಂಡಿಗ್ಯಾಕೆ ಚುಚ್ಚತಾರೆ?" ಅಂದಿದ್ದರು.) ಎಣ್ಣೆ ಮಂದ, ಹಾಗಾಗಿ ಸೂಜಿಯೂ ದಪ್ಪ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ, ನನಗೆ ಹದಿನೈದು ದಿನಕ್ಕೊಮ್ಮೆ ಇತ್ತು. ಬೆಲೆ ತೀರಾ ಕಡಿಮೆ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಕ್ ಇದ್ದರೆ ಪುಕ್ಕಟೆ. ಇಲ್ಲದ ದಿನ "ಹೊರಗೆ ತಂದುಕೊಳ್ಳಮ್ಮ" ಅಂತ ಚೀಟಿ.

ಕಿವಿಯ ಮಾತು ಇದರಲ್ಲೇ ನಿಂತಿದ್ದು, ಅದನ್ನು ಮರೆಯಬಾರದು. ಆದರೆ ಈ ಔಷಧಿಯ ಸ್ವಲ್ಪ ಭಾಗ ಮೊದಲ ದಿನವೇ ಜೋರಾಗಿ ರಕ್ತಕ್ಕೆ ಬರುತ್ತದೆ. ಸೂಜಿ ಹಾಕಿಸಿಕೊಂಡ ಮೊದಲೆರಡು ದಿನ ನನಗೆ ಕೂತಲ್ಲಿ ಕೂರೋಕಾಗದ ಚಡಪಡಿಕೆ. ಕರೆಂಟ್ ಹೋಗಿ ಮೆಷಿನ್ ನಿಂತಿದ್ದರೂ ಕಾಲು ಸುಮ್ನೆ ಪೆಡಲ್ ತುಳಿಯುತ್ತಾ ಇರೋದು. ಕುಚ್ಚಿಗೆ ಎಳೆ ಬಿಡಿಸಿ ಗಂಟು ಹಾಕುವಾಗ ಹೆಬ್ಬೆರಳು ನಡುಗಿ ಗಂಟು ಒಂದೊಂದು ಎತ್ತರದಲ್ಲಿ ಕೂರೋದು. ರೇಷ್ಮೆ ಸೀರೆ ಕೊಟ್ಟವರು ಸುಮ್ಮನಿರ್ತಾರಾ? ನಡುಕಕ್ಕೆ ಅಂತ ಪ್ಯಾಸಿಟೇನ್ ಸೇರಿತು. ಅದರಿಂದ ಬಾಯಿ ಒಣಗಿ, ಮಲಬದ್ಧತೆ ಬಂತು. ಅಂದರೆ ಮಾತ್ರೆ ತಪ್ಪಿಸೋಕೆ ಬಂದ ಸೂಜಿ ಇನ್ನೊಂದು ಮಾತ್ರೆಯನ್ನು ಕರೆದುಕೊಂಡೇ ಬಂತು. ವರ್ಷಗಟ್ಟಲೆ ಹಾಕಿಸಿಕೊಂಡರೆ ಬಾಯಿ, ನಾಲಿಗೆ ತಾನಾಗಿ ಆಡುವ ತೊಂದರೆ ಇಂಥ ಹಳೇ ಔಷಧಿಗಳಲ್ಲಿ ಜಾಸ್ತಿ. ಡಾಕ್ಟ್ರು ಪ್ರತಿ ಸಲ ನಾಲಿಗೆ ಚಾಚಿಸಿ ನೋಡುತ್ತಿದ್ದದ್ದು ಅದಕ್ಕೇ.

ಮೂರನೆಯದು ಪ್ಯಾಲಿಪೆರಿಡೋನ್ ಪಾಲ್ಮಿಟೇಟ್, ತಿಂಗಳಿಗೊಮ್ಮೆ. ಇದರಲ್ಲಿ ಎಣ್ಣೆ ಇಲ್ಲ. ಔಷಧಿಯ ತೀರಾ ಸಣ್ಣ ಹರಳುಗಳು ನೀರಿನಲ್ಲಿ ತೇಲುತ್ತಿರುತ್ತವೆ, ಅದಕ್ಕೇ ಸಿಸ್ಟರ್ ಸಿರಿಂಜನ್ನು ಚೆನ್ನಾಗಿ ಕುಲುಕಿ ಆಮೇಲೆ ಚುಚ್ಚುತ್ತಾರೆ. ಮೊದಲು 150 ಮಿಲಿಗ್ರಾಂ, ಒಂದು ವಾರ ಬಿಟ್ಟು 100, ಎರಡೂ ಭುಜಕ್ಕೆ. ಆಮೇಲೆ ತಿಂಗಳ ಲೆಕ್ಕ, ಭುಜಕ್ಕೋ ಸೊಂಟಕ್ಕೋ. ಅದೇ ಗುಂಪಿನ ಮಾತ್ರೆ ಮೈಗೆ ಒಗ್ಗುತ್ತದೆ ಅಂತ ಮೊದಲೇ ಗೊತ್ತಿರಬೇಕು. ರಿಸ್ಪೆರಿಡೋನ್ ತಗೊಂಡಿದ್ದರಿಂದ ನನಗೆ ಅದು ಸುಲಭವಾಯಿತು. ತಿಂಗಳ ದಿನಕ್ಕೆ ಒಂದು ವಾರ ಹಿಂದೆಮುಂದೆ ಆದರೂ ನಡೆಯುತ್ತದೆ. ಹಬ್ಬ, ಮದುವೆ ಸೀಸನ್‌ನಲ್ಲಿ ಕೆಲಸ ಬಿಡೋಕಾಗದ ನನಗೆ ಇದು ಸಣ್ಣ ಮಾತಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಸ್ಕಿಜೋಅಫೆಕ್ಟಿವ್ ಕಾಯಿಲೆಯ ಹೆಸರಿನಲ್ಲೇ ಅನುಮತಿ ಕೊಟ್ಟ ಮೊದಲ ಡಿಪೋ ಇದು. ಅದರ ಹಿಂದಿದ್ದ 15 ತಿಂಗಳ ಅಧ್ಯಯನದಲ್ಲಿ ಈ ಸೂಜಿ ಪಡೆದವರಲ್ಲಿ ಕಾಯಿಲೆ ಮರುಕಳಿಸಿದ್ದು ನೂರಕ್ಕೆ ಸುಮಾರು 15 ಮಂದಿಗೆ, ಔಷಧಿಯಿಲ್ಲದ ಸೂಜಿ ಪಡೆದವರಲ್ಲಿ 33 ಮಂದಿಗೆ. ಆದರೆ ಹೋಲಿಸಿದ್ದು ಹಳೇ ಎಣ್ಣೆ ಸೂಜಿಯ ಜೊತೆ ಅಲ್ಲ ಅನ್ನೋದನ್ನು ಗಮನಿಸಿ.

ನನ್ನ ಕೈ ನಡುಕ ಇದರಲ್ಲಿ ಹೆಚ್ಚುಕಡಿಮೆ ಹೋಯಿತು. ಲಿಥಿಯಂನ ಸಣ್ಣ ನಡುಕ ಉಳಿದಿದೆ, ಗಂಟು ಮಾತ್ರ ಸಾಲಾಗಿ ಕೂರುತ್ತದೆ. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಲೆಕ್ಕ ಸಾವಿರಗಳಲ್ಲಿ. ತೂಕ ಏರಿತು, ರವಿಕೆಗಳನ್ನೆಲ್ಲ ಬಿಚ್ಚಿ ಹೊಲಿದೆ. ಮುಟ್ಟು ತಪ್ಪತೊಡಗಿತು. ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಏರೋದರಿಂದ ಹೀಗಾಗುತ್ತದೆ, ಕೆಲವರಿಗೆ ಎದೆಯಲ್ಲಿ ಹಾಲೂ ಬರುತ್ತದೆ. ಹೆಂಗಸರು ಇದನ್ನು ಸಂಕೋಚದಿಂದ ಡಾಕ್ಟ್ರಿಗೆ ಹೇಳೋದೇ ಇಲ್ಲ. ದಯವಿಟ್ಟು ಹೇಳಿ.

ಇನ್ನೊಂದು ವಿಷಯ ಯಾರೂ ಒತ್ತಿ ಹೇಳೋದಿಲ್ಲ. ಪ್ಯಾಲಿಪೆರಿಡೋನ್ ಹೆಚ್ಚಾಗಿ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಲಿಥಿಯಂ ಕೂಡ ಹಾಗೆಯೇ, ಮೇಲಾಗಿ ಅದು ಬಹಳ ವರ್ಷದಲ್ಲಿ ಮೂತ್ರಪಿಂಡವನ್ನೇ ಸೋಲಿಸಬಹುದು. ಎರಡೂ ಒಟ್ಟಿಗೆ ಇದ್ದವರು ರಕ್ತದಲ್ಲಿನ ಲಿಥಿಯಂ ಮಟ್ಟದ ಜೊತೆ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಅಂತ ತೋರಿಸೋದು), ಥೈರಾಯ್ಡ್ ಪರೀಕ್ಷೆಯನ್ನೂ ತಪ್ಪಿಸಬಾರದು. "ಸೂಜಿ ಹಾಕಿಸಿಕೊಂಡರೆ ಮುಗೀತು" ಅನ್ನೋದು ಇಲ್ಲೂ ಸುಳ್ಳಾಗುತ್ತದೆ.

ಉಳಿದವನ್ನು ನಾನು ಹಾಕಿಸಿಕೊಂಡಿಲ್ಲ. ಹಾಲೊಪೆರಿಡಾಲ್ ಡಿಪೋ ಕೂಡ ಎಳ್ಳೆಣ್ಣೆಯದೇ. ಒಲಾಂಜಪಿನ್ ಡಿಪೋ ಆದರೆ ಪ್ರತಿ ಸಲ ಮೂರು ಗಂಟೆ ಆಸ್ಪತ್ರೆಯಲ್ಲೇ ಕೂರಬೇಕು, ಅಪರೂಪಕ್ಕೆ ವಿಪರೀತ ಮಂಪರು ಬರುತ್ತದೆ ಅಂತ. ನನಗೆ ಅಷ್ಟು ಹೊತ್ತು ಅಲ್ಲಿ ಕೂತರೆ ಕೊನೇ ಬಸ್ ಸಿಗಲ್ಲ.

ದುಡ್ಡಿಗೆ ತೊಂದರೆ, ಆಸ್ಪತ್ರೆ ಹತ್ತಿರ, ನಡುಕ ಬಾರದ ಮೈ ಅಂದರೆ ಎಣ್ಣೆ ಸೂಜಿಯನ್ನು ಕೀಳಾಗಿ ನೋಡಬೇಡಿ. ಅದನ್ನು ಹಾಕಿಸಿಕೊಂಡು ವರ್ಷಗಳಿಂದ ಅಂಗಡಿ ನಡೆಸುವವರನ್ನು ನಾನೇ ಬಲ್ಲೆ. ನನ್ನ ಕೈಗೆ ಮಾತ್ರ ತಿಂಗಳ ಸೂಜಿಯೇ ಸರಿ. ಇದೇ ಔಷಧಿಯನ್ನು ಮೂರು ತಿಂಗಳಿಗೊಮ್ಮೆ ಕೊಡುವುದೂ ಇದೆ, ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿರುವುದು ಸ್ಕಿಜೋಫ್ರೀನಿಯಾಗೆ. ಡಾಕ್ಟ್ರು ಒಮ್ಮೆ ಆ ಮಾತೆತ್ತಿದರು. ಒಳಗೆ ಹೋದ ಔಷಧಿಯನ್ನು ವಾಪಸ್ ತೆಗೆಯೋಕಾಗಲ್ಲ. ಮುಟ್ಟಿನ ವಿಷಯ ಇತ್ಯರ್ಥ ಆಗುವ ತನಕ ಬೇಡ ಅಂದೆ, ಅವರೂ ಒಪ್ಪಿ ಪ್ರೊಲ್ಯಾಕ್ಟಿನ್ ಪರೀಕ್ಷೆಗೆ ಬರೆದುಕೊಟ್ಟರು.