ಕಾರ್ಡ್ ಸಾಲ: ಸೆಟಲ್‌ಮೆಂಟಾ, ಇಎಂಐ ಪ್ಲಾನಾ?

ಕ್ರೆಡಿಟ್ ಕಾರ್ಡ್ ಸಾಲ ಕುತ್ತಿಗೆಗೆ ಬಂದಿದ್ರೆ ಇದನ್ನ ಓದಿ. ಸೆಟಲ್‌ಮೆಂಟ್ ಅಂದ್ರೆ ಬ್ಯಾಂಕು ಒಂದಷ್ಟು ಬಿಟ್ಟು ಉಳಿದದ್ದನ್ನ ತಗೊಳ್ಳುತ್ತೆ, ಕೇಳೋಕೆ ಚೆಂದ, ಆದ್ರೆ ಸಿಬಿಲ್‌ನಲ್ಲಿ, ಅಂದ್ರೆ ನಮ್ಮ ಸಾಲದ ಚರಿತ್ರೆ ಇಡೋ ದಾಖಲೆಯಲ್ಲಿ, ‘ಸೆಟಲ್ಡ್’ ಅಂತ ವರ್ಷಗಟ್ಟಲೆ ಕೂತ್ಬಿಡುತ್ತೆ, ಮನೆ ಸಾಲಕ್ಕೆ ಹೋದಾಗ ಅದೇ ಅಡ್ಡ ಬರೋದು.

ಬಾಕೀನ ಇಎಂಐ, ಅಂದ್ರೆ ತಿಂಗಳ ಕಂತು, ಮಾಡಿಸ್ಕೊಂಡ್ರೆ ಪೂರ್ತಿ ಕಟ್ಟಬೇಕು ನಿಜ, ಆದ್ರೆ ಲೆಕ್ಕ ಹಾಕಿ, 1 ಲಕ್ಷಕ್ಕೆ ಕಾರ್ಡಲ್ಲಿ ತಿಂಗಳಿಗೆ 3.5% ಅಂದ್ರೆ 3,500 ಬರೀ ಬಡ್ಡಿ, ಅದರ ಮೇಲೆ 18% ಜಿಎಸ್‌ಟಿ ಬೇರೆ, ಅದೇ ವರ್ಷಕ್ಕೆ 16%ನಂತೆ 24 ತಿಂಗಳಿಗೆ ಹಾಕಿಸಿದ್ರೆ ಇಎಂಐ ಸುಮಾರು 4,900, ಅಸಲೂ ಕರಗುತ್ತೆ. ನಮ್ಮಣ್ಣ ಇದನ್ನೇ ಮಾಡಿದ್ದು, ಕಾರ್ಡನ್ನ ಕತ್ತರೀಲಿ ಎರಡು ತುಂಡು ಮಾಡಿ, ಗೋಡೆ ಕ್ಯಾಲೆಂಡರಲ್ಲಿ ಪ್ರತಿ 5ನೇ ತಾರೀಕಿಗೂ ಕೆಂಪು ಗುರುತು ಹಾಕಿದ್ದ.

ಸಂಬಳ ಬರ್ತಿದ್ರೆ ಇಎಂಐನೇ ಮಾಡ್ಸಿ. ಕೆಲಸಾನೇ ಹೋಗಿದ್ರೆ ಮಾತ್ರ ಸೆಟಲ್‌ಮೆಂಟ್, ಅದೂ ಸೆಟಲ್‌ಮೆಂಟ್‌ಗೆ ಒಪ್ಪಿದೀವಿ ಅನ್ನೋ ಬ್ಯಾಂಕಿನ ಪತ್ರ ಕೈಗೆ ಬರೋವರೆಗೂ ಒಂದು ರೂಪಾಯಿನೂ ಕಟ್ಬೇಡಿ.